ಗಂಟು ಬಿದ್ದ ಚಾಕು

ಅಡುಗೆಮನೆಯ ದೊಡ್ಡ ಚಾಕುವಿನ ಪ್ಲಾಸ್ಟಿಕ್ ಹಿಡಿ ಬಿರುಕು ಬಿಟ್ಟಿತ್ತು. ಹೆಂಡತಿ ಹೇಳಿದ್ದು ಒಂದೇ ಮಾತು, "ಎಸೆದು ಹೊಸದು ತಗೊಂಡು ಬನ್ನಿ." ನಾನು ಅಲಗನ್ನು ಬೆಳಕಿಗೆ ಹಿಡಿದು, ಏನೋ ಗೊತ್ತಿದ್ದವನ ಹಾಗೆ ಒಂದು ಕಣ್ಣು ಮುಚ್ಚಿ ನೋಡಿ, "ಉಕ್ಕು ಚೆನ್ನಾಗಿದೆ ಕಣೇ. ಹಿಡಿ ನಾನೇ ಮಾಡ್ತೀನಿ. ಒಂದು ಭಾನುವಾರದ ಕೆಲಸ" ಎಂದೆ. ಯಾವ ಭಾನುವಾರ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ಸುಮ್ನೆ ಯಾವುದಾದರೂ ನೆಟ್ಟಗಿನ ಮರದ ತುಂಡು ತಗೊಂಡಿದ್ದರೆ ನಮ್ಮಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ನನಗೆ ಬೇರೆಯದೇ ಗಂಟು ಬಿದ್ದಿತು. ಕೆಲವು ಮರಗಳ ಕಾಂಡದ ಮೇಲೆ ಬೋರೆ ಬಂದ ಹಾಗೆ ಊದಿಕೊಂಡಿರುತ್ತದಲ್ಲ, ಅದಕ್ಕೆ ಬರ್ಲ್ ಅಂತಾರೆ. ಚಿಗುರದೆ ಉಳಿದ ನೂರಾರು ಮೊಗ್ಗುಗಳು ಅಲ್ಲೇ ಗುಂಪುಗಟ್ಟಿ, ಮರದ ಎಳೆಗಳು ಅವುಗಳ ಸುತ್ತ ದಾರಿ ತಪ್ಪಿ ಸುತ್ತಿಕೊಂಡಿರುತ್ತವೆ. ಹೊರಗಿನಿಂದ ನೋಡಿದರೆ ಮರಕ್ಕೆ ಏನೋ ಕಾಯಿಲೆ ಅನ್ನಿಸುತ್ತದೆ. ಕುಯ್ದರೆ ಒಳಗೆ ಸುಳಿ, ಕಣ್ಣು, ಅಲೆ! ಚಾಕುವಿನ ಹಿಡಿ ಮಾಡುವವರು ಇದಕ್ಕಾಗಿ ಪ್ರಾಣ ಬಿಡುತ್ತಾರೆ. ನಾನೂ ಬಿಟ್ಟೆ.

ಮರಗೆಲಸದ ಹುಚ್ಚಿರುವ ಗೆಳೆಯನೊಬ್ಬ ಮೇಪಲ್ ಮರದ ಬರ್ಲಿನ ಒಂದು ತುಂಡು ಕೊಟ್ಟ. "ಒಣಗಿದೆಯೇನೋ?" ಎಂದೆ. "ಒಣಗಿರಬೇಕು" ಎಂದ. ಆ "ಇರಬೇಕು" ನನ್ನ ಕಿವಿಗೆ ಬೀಳಲಿಲ್ಲ. ಅವತ್ತೇ ಅದನ್ನು 10 ಮಿಲಿಮೀಟರ್ ದಪ್ಪದ ಎರಡು ಹಲಗೆಗಳಾಗಿ ಸೀಳಿ, ಹೆಮ್ಮೆಯಿಂದ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದೆ. ಒಂದು ವಾರಕ್ಕೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಮುಖ ತಿರುಗಿಸಿಕೊಂಡಿತ್ತು, ಜಗಳವಾಡಿದ ಗಂಡ ಹೆಂಡತಿ ಹಾಗೆ. ನೆಟ್ಟಗಿನ ಎಳೆಯ ಮರ ಎತ್ತ ಕುಗ್ಗುತ್ತದೆ ಎಂದು ಹೇಳಬಹುದು. ಬರ್ಲಿನ ಎಳೆ ಎಲ್ಲ ದಿಕ್ಕಿಗೂ ಓಡುವುದರಿಂದ ಅದು ತನಗೆ ತೋಚಿದ ಕಡೆ ಕುಗ್ಗುತ್ತದೆ.

ಎರಡನೇ ತುಂಡಿಗೆ ಬುದ್ಧಿವಂತನಾದೆ. ಅಡುಗೆಮನೆಯ ತಕ್ಕಡಿಯಲ್ಲಿ ವಾರವಾರ ತೂಗಿ ಪುಸ್ತಕದಲ್ಲಿ ಬರೆದಿಟ್ಟೆ. 212 ಗ್ರಾಂ. 204. 199. 198. ಮತ್ತೆ 198. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ. ಹೆಂಡತಿ ಆ ಪುಟ ನೋಡಿ, "ನಿಮ್ಮ ತೂಕಾನೂ ಹೀಗೇ ಬರೆದಿಟ್ಟಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಉಳಿದರ್ಧ ನನಗೆ ಅರ್ಥವಾಯಿತು.

ಬರ್ಲಿನಲ್ಲಿ ಅಲ್ಲಲ್ಲಿ ಮೆದು ಜಾಗ, ತೂತು ಇರಬಹುದು. ಅದಕ್ಕೇ ರೆಸಿನ್ ಎಂಬ ತೆಳ್ಳನೆಯ ಅಂಟುದ್ರವದಲ್ಲಿ ಮುಳುಗಿಸಿ, ಪಂಪಿನಿಂದ ಗಾಳಿ ಎಳೆದು, ರೆಸಿನ್ ಒಳಗೆ ಹೀರಿಕೊಂಡ ಮೇಲೆ ಓವನ್‌ನಲ್ಲಿ ಬಿಸಿ ಮಾಡಿ ಗಟ್ಟಿ ಮಾಡಬೇಕು. ನಾನು ನಮ್ಮ ಓವನ್ ಕಡೆ ನೋಡಿದೆ. ಹೆಂಡತಿ ನಾನು ನೋಡಿದ್ದನ್ನು ನೋಡಿದಳು. ಆ ಕೆಲಸ ಗೆಳೆಯನ ಶೆಡ್ಡಿನಲ್ಲೇ ಆಯಿತು.

ಇನ್ನು ನನ್ನ ಮಹಾಸಾಧನೆಗೆ ಬರುತ್ತೇನೆ. ಒಂದೇ ತುಂಡನ್ನು ನಡುವೆ ಸೀಳಿ ಪುಸ್ತಕದ ಹಾಗೆ ಬಿಡಿಸಿದರೆ ಎರಡು ಮುಖದಲ್ಲೂ ಒಂದೇ ಚಿತ್ತಾರ, ಕನ್ನಡಿಯಲ್ಲಿ ಕಂಡಂತೆ. ಆ ಎರಡು ಚಂದದ ಮುಖಗಳು ಹಿಡಿಯ ಎರಡೂ ಹೊರಮೈಯಲ್ಲಿ ಬರಬೇಕು. ಹಲಗೆಗಳನ್ನು ಬೋರಲು ಹಾಕಿ, ಮೇಲೆ ಚಾಕುವನ್ನಿಟ್ಟು, ಆಕಾರ ಬರೆದು, ರಿವೆಟ್ಟಿನ ತೂತು ಗುರುತು ಮಾಡಿ ಕೊರೆದೆ. ಚಾಕುವಿನ ಮೂತಿ ಒಂದು ಹಲಗೆಯ ಮೇಲೆ ಎಡಕ್ಕಿದ್ದರೆ ಇನ್ನೊಂದರ ಮೇಲೆ ಬಲಕ್ಕಿರಬೇಕು. ನಾನು ಎರಡು ಸಲವೂ ಎಡಕ್ಕೇ ಇಟ್ಟೆ. ಕೊರೆದು, ಕತ್ತರಿಸಿ, ಅರದಲ್ಲಿ ತೀಡಿ, ಜೋಡಿಸಲು ಹೋದಾಗ ಗೊತ್ತಾಯಿತು: ನನ್ನ ಕೈಯಲ್ಲಿರುವುದು ಎರಡೂ ಬಲಗಾಲಿನ ಚಪ್ಪಲಿ!

ಅರ್ಧ ಗಂಟೆ ಅವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಯಾವುದಾದರೂ ಒಂದು ಕೋನದಲ್ಲಿ ಸರಿಹೋಗಬಹುದು ಎಂಬ ಆಸೆ. ಹೋಗಲಿಲ್ಲ. ಕೊನೆಗೆ ಒಂದು ಹಲಗೆಯ ಚಂದದ ಮುಖವನ್ನೇ ಒಳಗೆ ಹಾಕಿ ಉಕ್ಕಿಗೆ ಅಂಟಿಸುವುದೆಂದಾಯಿತು, ಇನ್ನೆಂದೂ ಯಾರ ಕಣ್ಣಿಗೂ ಬೀಳದಂತೆ. ಹೊರಗೆ ಬಂದದ್ದು ತೊಗಟೆ ಸಿಕ್ಕಿಕೊಂಡು ಹಳ್ಳ ಬಿದ್ದಿದ್ದ ಬೆನ್ನು. ಆ ಹಳ್ಳಕ್ಕೆ ಮರದ ಹುಡಿ ತುಂಬಿ ಸೂಪರ್ ಗ್ಲೂ ಸುರಿದೆ. ಹಳ್ಳ ತುಂಬಿತು, ಜೊತೆಗೆ ನನ್ನ ತೋರುಬೆರಳೂ ಸೇರಿಕೊಂಡಿತು. ಅಂಟು ಬಿಡಿಸುವ ಅಸಿಟೋನ್ ಶೀಶೆ ತರಲು ಎದ್ದಾಗ ಹಲಗೆಯೂ ನನ್ನ ಜೊತೆ ಬಂತು.

ರಿವೆಟ್ಟಿಗೆಂದು ತಂದ ಹಿತ್ತಾಳೆ ಸರಳಿನ ಕಥೆ ಚಿಕ್ಕದು. ಸರಳು ಎಂಟನೇ ಒಂದು ಇಂಚು, ಅಂದರೆ 3.175 ಮಿಲಿಮೀಟರ್. ನನ್ನ ಡ್ರಿಲ್ ಬಿಟ್ 3 ಮಿಲಿಮೀಟರ್. "ಅಷ್ಟರಲ್ಲೇನಿದೆ" ಎಂದು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟೆ. ಟಕ್ ಎಂದು ಸದ್ದಾಯಿತು. ಅಷ್ಟರಲ್ಲಿ ಒಂದು ಬಿರುಕಿತ್ತು.

ಅಂಟಿಸುವ ದಿನ ಎರಡು ಬಗೆಯ ಎಪಾಕ್ಸಿ ಅಂಟು ಎದುರಿಗಿದ್ದವು. ನಿಧಾನವಾಗಿ ಗಟ್ಟಿಯಾಗುವುದು ಒಂದು, ಐದು ನಿಮಿಷದ್ದು ಇನ್ನೊಂದು. ಅದಾಗಲೇ ನಾಲ್ಕು ತಿಂಗಳು ಕಳೆದಿದ್ದವ ನಾನು. ಅವಸರ ಎಂದು ಐದು ನಿಮಿಷದ್ದನ್ನೇ ಕಲಸಿದೆ. ಕೈ ಕುಯ್ಯದಿರಲಿ ಎಂದು ಅಲಗಿಗೆ ದಪ್ಪ ಟೇಪು ಸುತ್ತಿದ್ದೆ. ಮೂರನೇ ನಿಮಿಷಕ್ಕೆ ಫೋನ್ ಬಂತು. ಅಂಟು ಬಳಿದ ಬೆರಳಿನಲ್ಲಿ ಫೋನ್ ಎತ್ತಿದವನ ಅವಸ್ಥೆ ವಿವರಿಸಬೇಕಾಗಿಲ್ಲ ಅಲ್ವಾ? ತಿರುಗಿ ಬರುವಷ್ಟರಲ್ಲಿ ಹಲಗೆ ಒಂದಿಷ್ಟು ಜಾರಿತ್ತು. ಟೇಪಿನ ಒಂದು ತುದಿ ಈಗಲೂ ಹಿಡಿಯ ಅಡಿಯಲ್ಲೇ ಇದೆ.

ಆಮೇಲೆ ಉಪ್ಪು ಕಾಗದ. ಒರಟಿನಿಂದ ನುಣುಪಿನವರೆಗೆ 120, 220, 400, 600 ನಂಬರಿನವು. ಮೂಗಿಗೆ ಮಾಸ್ಕ್ ಹಾಕಿದ್ದೆ, ಮನೆಗೆ ಹಾಕಿರಲಿಲ್ಲ. ಹೆಂಡತಿ ಒಗೆದು ಹರವಿದ್ದ ಬಟ್ಟೆಗಳೆಲ್ಲ ಮೇಪಲ್ ಬಣ್ಣಕ್ಕೆ ತಿರುಗಿದವು. ಮಷೀನಿನಲ್ಲಿ ಒಂದೇ ಸಮನೆ ಉಜ್ಜಿದ್ದಕ್ಕೆ ಹಿತ್ತಾಳೆ ಕಾದು ಸುತ್ತಲಿನ ಮರ ಕರಕಲಾಯಿತು. ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ಕಾಣುತ್ತದೆ, ಬೇಕೆಂದೇ ಮಾಡಿದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ.

ಆದರೂ ಮೇಣ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದಾಗ ಬಲಮಗ್ಗುಲು ಎದ್ದು ಬಂತು ನೋಡಿ! ಜೇನಿನ ಬಣ್ಣ, ಒಳಗಿಂದ ಹೊಳೆಯುವ ಸುಳಿಗಳು, ನೂರು ಪುಟ್ಟ ಕಣ್ಣು. ಕೈ ಅಲುಗಿಸಿದರೆ ಚಿತ್ತಾರವೂ ಅಲುಗುತ್ತದೆ. ಎಡಮಗ್ಗುಲು ಕಾಣದಂತೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅವಳ ಕೈಗೆ ಕೊಟ್ಟೆ.

ಅವಳು ತಿರುಗಿಸಿ ನೋಡಿದಳು. ಎಡಮಗ್ಗುಲನ್ನೂ ನೋಡಿದಳು. "ಚೆನ್ನಾಗಿದೆ ರೀ" ಎಂದಳು. ನಿಜವಾಗಿಯೇ ಅಂದಳು. ಆಮೇಲೆ ಒಂದು ಟೊಮೆಟೊ ತೆಗೆದು ಹಲಗೆಯ ಮೇಲಿಟ್ಟು ಚಾಕು ಒತ್ತಿದಳು. ಟೊಮೆಟೊ ತಗ್ಗಿತು. ಇನ್ನೂ ಒತ್ತಿದಳು. ಅದು ಅಲ್ಲೇ ಕೂತು, ಕೊನೆಗೆ ಪಕ್ಕದಿಂದ ಪಿಚಕ್ಕೆಂದು ನನ್ನ ಅಂಗಿಗೆ ಹಾರಿತು.

"ಅಲಗಿಗೆ ಸಾಣೆ ಹಿಡಿದಿದ್ರಾ?"

ನಾಲ್ಕು ತಿಂಗಳಲ್ಲಿ ಆ ಕಡೆ ನನ್ನ ಗಮನವೇ ಹೋಗಿರಲಿಲ್ಲ. "ಅದೇನು ಮಹಾ, ಸಾಣೆಕಲ್ಲು ತಂದು ನಾನೇ ಹಿಡೀತೀನಿ. ಒಂದು ಭಾನುವಾ..."

ಅವಳು ಆಗಲೇ ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟುತ್ತಿದ್ದಳು. "ಹೊಸ ಚಾಕು ತಗೊಂಡು ಬರ್ತೀನಿ" ಎಂದಳು.