ಹನ್ನೆರಡು ಇಂಚಿನ ಗೊಂಬೆಗೆ ಇಷ್ಟು ದುಡ್ಡಾ?

ಹೇಳಿ ಮಾಡಿಸಿದ ಫಿಗರ್‌ಗೆ, ಅಂದರೆ ನಮಗೆ ಬೇಕಾದವರ ಹೋಲಿಕೆಯ ಗೊಂಬೆಗೆ, ಹತ್ತು ಸಾವಿರ ಕೊಡುವುದು ಹುಚ್ಚು, ಪ್ಲಾಸ್ಟಿಕ್‌ಗೆ ಅಷ್ಟು ಬೆಲೆಯಾ ಅಂತ ಬರೆದಿದ್ದೀರಿ. ಪ್ಲಾಸ್ಟಿಕ್‌ಗೆ ಯಾರು ದುಡ್ಡು ಕೊಡುತ್ತಾರೆ ಸ್ವಾಮಿ! ನಿಜವಾದ ಆಳಿನ 1/6 ಅಳತೆಯ, ಅಂದರೆ ಸುಮಾರು 12 ಇಂಚಿನ ಗೊಂಬೆಯಲ್ಲಿ ರೆಸಿನ್ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಖರ್ಚು ಚಿಲ್ಲರೆ. ಫೋಟೊ ನೋಡಿ ಕಂಪ್ಯೂಟರ್‌ನಲ್ಲಿ ಮುಖ ತಿದ್ದಬೇಕು. 3ಡಿ ಪ್ರಿಂಟರ್‌ನಲ್ಲಿ ಗೊಂಬೆಯ ಪ್ರಿಂಟ್ ತೆಗೆದು, ಅದನ್ನು ಹಿಡಿದಿಟ್ಟ ಆಸರೆ ಕಡ್ಡಿ ಕತ್ತರಿಸಿ, ತೊಳೆದು, ಯುವಿ ಬೆಳಕಲ್ಲಿ ಗಟ್ಟಿ ಮಾಡಿ, ಉಜ್ಜಿ, ಪ್ರೈಮರ್ (ಬಣ್ಣ ಹಿಡಿಯಲು ಮೊದಲ ಲೇಪ) ಹಚ್ಚಬೇಕು. ಆಮೇಲೆ ಬಣ್ಣ. ಕಣ್ಣುಗುಡ್ಡೆ ಕೂದಲೆಳೆಯಷ್ಟು ಆಚೀಚೆ ಆದರೂ ಮೆಳ್ಳೆಗಣ್ಣು! ಕಾರ್ಖಾನೆಯಲ್ಲಾದರೆ ಅಚ್ಚಿನ ಖರ್ಚು ಸಾವಿರಾರು ಗೊಂಬೆಗಳಿಗೆ ಹಂಚಿಹೋಗುತ್ತದೆ. ಇಲ್ಲಿ ಎಲ್ಲ ಒಂದರ ತಲೆ ಮೇಲೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳದ್ದೂ ಇದೇ ಕತೆ ಅಲ್ವಾ? ಹಗುರ ಮರ, ಹುಣಸೆ ಬೀಜದ ಅಂಟು. ಸಾಮಾನಿನ ಬೆಲೆ ನೋಡಿ ಚೌಕಾಸಿ ಮಾಡುವವರು ಅವನ್ನು ಮಾಡುವ ಚಿತ್ರಗಾರರ ಕೈಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಒಂದು ಮಾತು ಒಪ್ಪುತ್ತೇನೆ. ಹೂಡಿಕೆ ಅಂತ ಸುಮ್ನೆ ಮಾಡಿಸಬೇಡಿ. ನಾನು ಅಜ್ಜನ ಗೊಂಬೆ ಮಾಡಿಸಿದೆ, ಮಾರಲು ಹೋದರೆ ಅರ್ಧ ದುಡ್ಡೂ ಹುಟ್ಟುವುದಿಲ್ಲ. ನನ್ನ ಅಜ್ಜ ಬೇರೆಯವರಿಗೆ ಯಾಕೆ ಬೇಕು? ಅಂದಹಾಗೆ, ಅವರ ಮೀಸೆ ಎರಡು ಸಲ ತಿದ್ದಿಸಿದೆ. ಅದಕ್ಕೆ ಬೇರೆ ಚಾರ್ಜು!