ಬೋಡ್ಮಾಸ್ ಮಂತ್ರವೂ ಅಡಿಕೆ ಸುಲಿಯುವ ಕೂಲಿಯೂ

ನಮ್ಮ ತೀರ್ಥಹಳ್ಳಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘8 ÷ 2(2 + 2) ಎಷ್ಟು?’ ಎಂಬ ಸವಾಲು ಆಗಾಗ ಸುತ್ತು ಹೊಡೆಯುತ್ತದೆ. 16 ಎನ್ನುವವರೂ 1 ಎನ್ನುವವರೂ ಬೋಡ್ಮಾಸ್ (ಲೆಕ್ಕದಲ್ಲಿ ಯಾವುದನ್ನು ಮೊದಲು ಬಿಡಿಸಬೇಕೆಂದು ನೆನಪಿಡಲು ಇಂಗ್ಲಿಷ್ ಮೊದಲಕ್ಷರಗಳಿಂದ ಕಟ್ಟಿದ ಸೂತ್ರ) ಹೆಸರನ್ನೇ ಹಿಡಿದು ವಾದಕ್ಕಿಳಿಯುತ್ತಾರೆ. ನನ್ನನ್ನು ಕೇಳಿದರೆ ತಪ್ಪು ಪ್ರಶ್ನೆ ಬರೆದವರದು. ಎಡದಿಂದ ಬಲಕ್ಕೆ ಸಾಗುವ ರೂಢಿ (ಆಗ 16) ಇರುವಂತೆಯೇ, ಗುಣಾಕಾರ ಚಿಹ್ನೆಯಿಲ್ಲದೆ ಆವರಣಕ್ಕೆ ಅಂಟಿಕೊಂಡ ಸಂಖ್ಯೆಯನ್ನು ಆವರಣದ ಜೊತೆಗೇ ಸೇರಿಸಿ ಓದುವ ರೂಢಿಯೂ (ಆಗ 1) ಇದೆ; ಇನ್ನೊಂದು ಆವರಣ ಹಾಕಿದ್ದರೆ ಜಗಳಕ್ಕೆ ಎಡೆಯೇ ಇರುತ್ತಿರಲಿಲ್ಲ.

ಇದಕ್ಕಿಂತ ನನಗೆ ಚಿಂತೆಯ ವಿಷಯವೆಂದರೆ 10 − 4 + 3ಕ್ಕೆ ಮಕ್ಕಳು 3 ಎಂದು ಬರೆಯುವುದು. ಬೋಡ್ಮಾಸ್‌ನಲ್ಲಿ ಸಂಕಲನದ ‘ಎ’ ಮೊದಲು, ವ್ಯವಕಲನದ ‘ಎಸ್’ ಆಮೇಲೆ ಬರುವುದರಿಂದ ಅವರು 4 ಮತ್ತು 3ನ್ನು ಕೂಡಿಸಿ, ಬಂದ 7ನ್ನು ಹತ್ತರಲ್ಲಿ ಕಳೆಯುತ್ತಾರೆ. ವಾಸ್ತವದಲ್ಲಿ ಸಂಕಲನ ಮತ್ತು ವ್ಯವಕಲನಕ್ಕೆ ಒಂದೇ ದರ್ಜೆ. ಎಡದಿಂದ ಬಿಡಿಸುತ್ತ ಹೋದರೆ ಉತ್ತರ 9. ಭಾಗಾಕಾರ, ಗುಣಾಕಾರಗಳೂ ಹೀಗೆಯೇ. 24 ÷ 4 × 2 ಎಂಬಲ್ಲಿ ನಮ್ಮ ಮಕ್ಕಳಿಗೆ 12 ಸರಿಯಾಗಿಯೇ ಬರುತ್ತದೆ, ಆದರೆ ಭಾಗಾಕಾರದ ‘ಡಿ’ ಮುಂದಿದೆ ಎಂಬ ಅದೃಷ್ಟದಿಂದ. ಅಮೆರಿಕದ ಶಾಲೆಗಳ ಇಂಥದೇ ಸೂತ್ರವಾದ ಪೆಮ್ಡಾಸ್‌ನಲ್ಲಿ ಗುಣಾಕಾರದ ಅಕ್ಷರ ಮುಂದಿರುವುದರಿಂದ, ಅದನ್ನು ಅಕ್ಷರಶಃ ನಂಬಿದ ಮಗುವಿಗೆ ಅದೇ ಲೆಕ್ಕದಲ್ಲಿ 3 ಬರುತ್ತದೆ.

ಸಂಕಲನಕ್ಕಿಂತ ಗುಣಾಕಾರ ಮೊದಲೇಕೆ ಎಂಬ ಪ್ರಶ್ನೆಗೆ ಅಡಿಕೆ ಸುಲಿಯುವ ಮನೆಯ ಕೂಲಿ ಚೀಟಿಯಲ್ಲಿ ಒಳ್ಳೆಯ ಉತ್ತರವಿದೆ. ಹಳೆಯ ಬಾಕಿ 500 ರೂಪಾಯಿ, ಈ ದಿನ ಸುಲಿದದ್ದು 12 ಕೆ.ಜಿ., ಕೆ.ಜಿ.ಗೆ 15 ರೂಪಾಯಿ ಎಂದಿಟ್ಟುಕೊಳ್ಳೋಣ. 500 + 12 × 15 ಎಂದು ಬರೆದಾಗ, ಮೊದಲು ಕೂಡಿಸುವವರು ರೂಪಾಯಿಗೆ ಕಿಲೋ ಸೇರಿಸಿದಂತಾಗುತ್ತದೆ. ಗುಣಿಸಿದ ಮೇಲೆಯೇ ಕಿಲೋ ರೂಪಾಯಿಯಾಗುವುದು, ಆಮೇಲೆಯೇ ಕೂಡಿಸಲು ಬರುವುದು, ಮೊತ್ತ 680. ಈ ಕ್ರಮ ಮನುಷ್ಯರು ಮಾಡಿಕೊಂಡ ಒಪ್ಪಂದವೇ ಹೌದು, ಆದರೂ ಪ್ರಮಾಣವನ್ನು ದರದಿಂದ ಗುಣಿಸಿ ಕೂಡಿಸುತ್ತ ಹೋಗುವ ಎಲ್ಲ ಬಿಲ್ಲುಗಳಿಗೂ ಅದು ಆವರಣವಿಲ್ಲದೆ ಹೊಂದಿಕೊಳ್ಳುತ್ತದೆ. ಬೆಳಿಗ್ಗೆ 12 ಕೆ.ಜಿ., ಸಂಜೆ 8 ಕೆ.ಜಿ. ಸುಲಿದಿದ್ದರೆ ಮಾತ್ರ ಒಂದೇ ಜಾತಿಯವನ್ನು ಮೊದಲು ಕೂಡಿಸಬೇಕು, ಆಗ ಆವರಣ ಬೇಕು: (12 + 8) × 15, ಅಂದರೆ 300. ಆವರಣ ಬಿಟ್ಟರೆ 132, ಸುಲಿದವಳಿಗೆ 168 ರೂಪಾಯಿ ಖೋತಾ. ಮೂರು ಬಗೆಯ ಆವರಣಗಳನ್ನು ಒಂದರೊಳಗೊಂದು ಹೊಸೆದು ಬಿಡಿಸಲು ಕೊಡುವ ಬದಲು, ಇಂಥ ಚೀಟಿಯನ್ನು ಒಂದೇ ಸಾಲಿನಲ್ಲಿ ಬರೆಯಲು ಮಕ್ಕಳಿಗೆ ಹೇಳುವ ಮೇಷ್ಟ್ರುಗಳ ಪರ ನಾನು.

ಯಂತ್ರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ 500 + 12 × 15 ಎಂದು ಸಾಲಾಗಿ ಒತ್ತಿದರೆ ಅದು ಒತ್ತಿದ ಕ್ರಮದಲ್ಲಿಯೇ ಬಿಡಿಸುತ್ತ ಹೋಗಿ 7,680 ತೋರಿಸುತ್ತದೆ. ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಅದೇ ಲೆಕ್ಕ 680. ಸಾದಾ ಯಂತ್ರದಲ್ಲಿ ಪ್ರತಿಯೊಂದು ಗುಣಲಬ್ಧವನ್ನೂ ‘ಎಂ ಪ್ಲಸ್’ ಗುಂಡಿಯೊತ್ತಿ ಕೂಡಿಟ್ಟು, ಕೊನೆಗೆ ‘ಎಂಆರ್’ ಒತ್ತಿ ಮೊತ್ತ ಪಡೆಯುವ ಮಂಡಿಯ ಗುಮಾಸ್ತರಿಗೆ ಬೋಡ್ಮಾಸ್ ಎಂದರೇನೆಂದು ಕೇಳಿದರೆ ಬಹುಶಃ ನಕ್ಕುಬಿಡುತ್ತಾರೆ, ಆದರೆ ಅವರ ಲೆಕ್ಕ ತಪ್ಪುವುದಿಲ್ಲ.