ಹೆತ್ತು ನೋಡು, ಪಿಂಚಣಿ ಪಡೆದು ನೋಡು

ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಮಸಮುದ್ರ, ಬಿಸಾನತ್ತಂ ದಾಟಿದರೆ ಕುಪ್ಪಂ. ಚಂದ್ರಬಾಬು ನಾಯ್ಡು ಅವರ ಕ್ಷೇತ್ರ. 2024ರ ಅಕ್ಟೋಬರಿನಲ್ಲಿ ಅವರು ಹೆಚ್ಚು ಮಕ್ಕಳನ್ನು ಹೆರಿ ಎಂದು ಜನರಿಗೆ ಕರೆ ಕೊಟ್ಟರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಕಾನೂನನ್ನು ಆಂಧ್ರ ಅದೇ ವರ್ಷ ಕಿತ್ತುಹಾಕಿತು. ಆ ಅಕ್ಟೋಬರಿನಲ್ಲೇ ಚೆನ್ನೈನ ಸಾಮೂಹಿಕ ಮದುವೆಯೊಂದರಲ್ಲಿ ಸ್ಟಾಲಿನ್, ಹದಿನಾರು ಮಕ್ಕಳು ಯಾಕಾಗಬಾರದು ಎಂದರು. ಎರಡೂ ರಾಜ್ಯಗಳ ಜೊತೆ ಬೇಲಿ ಹಂಚಿಕೊಂಡಿರುವ ಕೋಲಾರಕ್ಕೆ ಈ ಗಾಳಿ ಸೋಕದೆ ಇರುತ್ತದೆಯೇ? ಅರಳಿಕಟ್ಟೆಯಲ್ಲಿ ಈಗ ಅದೇ ಮಾತು: ಮಕ್ಕಳು ಕಮ್ಮಿಯಾದರೆ ನಾಳೆ ಮುದುಕರಿಗೆ ಪಿಂಚಣಿ ಕೊಡೋರ್ಯಾರು?

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹೆರಿಗೆ ವಾರ್ಡಿನಲ್ಲಿ ಸಿಕ್ಕಿಹಾಕಿಕೊಂಡಿದೆ.

ಸರ್ಕಾರದ ಮಾತನ್ನು ನಮ್ಮ ಜನ ಚಾಚೂ ತಪ್ಪದೆ ಪಾಲಿಸಿದ್ದು ಇದೊಂದರಲ್ಲೇ ಇರಬೇಕು. ಆಗಿನ ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಆಮೇಲೆ ಗೋಡೆಗೋಡೆಗೂ ಕೆಂಪು ತ್ರಿಕೋನ, ‘ನಾವಿಬ್ಬರು ನಮಗಿಬ್ಬರು’. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. ಮಾತು ಕೇಳಿದ್ದಕ್ಕೆ ಸಿಕ್ಕ ಬಹುಮಾನ: ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. (ಮಕ್ಕಳು ಕಮ್ಮಿ ಹೆತ್ತದ್ದೊಂದೇ ತಪ್ಪಲ್ಲ, ತಲಾ ಆದಾಯ ಹೆಚ್ಚು ಮಾಡಿಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು.)

ಆಯಿತು, ಹೆರೋಣ. ಇವತ್ತೇ ಬಸಿರು ನಿಂತಿತು ಅಂತಿಟ್ಟುಕೊಳ್ಳಿ. ಒಂಬತ್ತು ತಿಂಗಳು. ಆರು ವರ್ಷಕ್ಕೆ ಒಂದನೇ ಕ್ಲಾಸು, ಹದಿನಾರಕ್ಕೆ ಎಸ್ಸೆಸ್ಸೆಲ್ಸಿ, ಐಟಿಐ ಎರಡು ವರ್ಷ, ಅಪ್ರೆಂಟಿಸ್ ಒಂದು, ಕೆಲಸ ಹುಡುಕುತ್ತಾ ಅಲೆದಾಟ ಎರಡು. ಇಪ್ಪತ್ತೊಂದಕ್ಕೆ ಪಿಎಫ್ ನಂಬರು. ಯಾರ ಪಿಂಚಣಿಗಾಗಿ ಈ ಮಗುವನ್ನು ಹೆತ್ತರೋ ಆ ತಾತನಿಗೆ ಇವತ್ತು ಅರವತ್ತಾದರೆ, ಅವತ್ತಿಗೆ ಎಂಬತ್ತೆರಡು. ಹಾಗಂತ ಲಾಭವಿಲ್ಲ ಎನ್ನುವಂತಿಲ್ಲ: ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 80 ತುಂಬಿದವರಿಗೆ ಕೇಂದ್ರದ ಪಾಲು 200 ರೂಪಾಯಿಯಿಂದ 500ಕ್ಕೆ ಏರುತ್ತದೆ. ಆ 200 ರೂಪಾಯಿ ಮಾತ್ರ 2007ರಿಂದ ಇದ್ದಲ್ಲೇ ಇದೆ. ಅದಕ್ಕೆ ಮುಪ್ಪಿಲ್ಲ.

ಈ ಇಪ್ಪತ್ತೊಂದು ವರ್ಷ ಮಗು ಖರ್ಚಿನ ಪಟ್ಟಿಯಲ್ಲಿರುತ್ತದೆ, ಆದಾಯದ ಪಟ್ಟಿಯಲ್ಲಲ್ಲ. ಮೇಲೆ ಮುದುಕರು, ಕೆಳಗೆ ಕೂಸುಗಳು, ನಡುವೆ ದುಡಿಯುವವನೊಬ್ಬ. ಸಾಲದ್ದಕ್ಕೆ ನರಸಾಪುರ, ವೇಮಗಲ್ ಕಡೆ ಶಿಫ್ಟಿಗೆ ಹೋಗುವ ಅಮ್ಮ ಮನೆಯಲ್ಲಿ ಕೂತರೆ ಅವಳ ಪಿಎಫ್ ಅಲ್ಲಿಗೇ ನಿಂತಿತು. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಮೂರನೆಯದಕ್ಕೆ 12 ವಾರ. ಭಾಷಣ ಮೂರನೇ ಮಗುವನ್ನು ಆರತಿ ಹಿಡಿದು ಕರೆಯುತ್ತದೆ, ಕಾನೂನು ಹೊಸ್ತಿಲಲ್ಲೇ ಅರ್ಧಚಂದ್ರ ಕೊಡುತ್ತದೆ. ಇನ್ನು ಹೊಲ ಇರುವ ಹುಡುಗನಿಗೆ ಹೆಣ್ಣೇ ಸಿಗುತ್ತಿಲ್ಲ. ಹದಿನಾರರ ಮಾತಿಗೆ ಮೊದಲು ಆ ಒಂದನ್ನು ಹುಡುಕಿಕೊಡಬೇಕು.

ಹದಿನಾರು ಹುಟ್ಟಿದವು ಅಂತಲೇ ಇಟ್ಟುಕೊಳ್ಳಿ, ಒಂದೂ ಅನ್ನ ಹಾಕಲಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು. ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಹದಿನಾರಕ್ಕೆ ಹಂಚಿದರೆ ತಲೆಗೆ 625. ನೋಟಿಸ್ ಜಾರಿ ಮಾಡಲು ಹದಿನಾರು ವಿಳಾಸ ಬೇರೆ ಹುಡುಕಬೇಕು.

ಇತ್ತ ಮಾಲೂರು ಸ್ಟೇಷನ್ನಿನಲ್ಲಿ, ಹೆಗಲಿಗೊಂದು ಬ್ಯಾಗು ಹಾಕಿಕೊಂಡು, ಇಪ್ಪತ್ತೆರಡು ತುಂಬಿದ ಸಿದ್ಧ ಮಗು ಇಳಿಯುತ್ತದೆ. ಹಾಲು ಕುಡಿಸಿದ್ದು, ಲಸಿಕೆ ಹಾಕಿಸಿದ್ದು, ಶಾಲೆಗೆ ಕಳಿಸಿದ್ದು ಎಲ್ಲಾ ಬಿಹಾರದ ಖರ್ಚು. ಅಲ್ಲಿನ ಸರಾಸರಿ ಅದೇ ಸಮೀಕ್ಷೆಯಲ್ಲಿ 3.0. ಅವನು ಇಲ್ಲಿನ ಅಂಗಡಿಯಲ್ಲಿ 10,000 ರೂಪಾಯಿಯ ಮೊಬೈಲು ಕೊಂಡರೆ 1,800 ರೂಪಾಯಿ ಜಿಎಸ್‌ಟಿ. ಅದರಲ್ಲಿ 900 ಕರ್ನಾಟಕದ್ದು. ಸಂಧ್ಯಾ ಸುರಕ್ಷಾ ಅಜ್ಜಿಗೆ ತಿಂಗಳಿಗೆ 1,200 ಎಂದಾದರೆ, ಮುಕ್ಕಾಲು ತಿಂಗಳ ಪಿಂಚಣಿ ಅವನು ಒಂದೇ ಮೊಬೈಲಿನಲ್ಲಿ ಕಟ್ಟಿದ. ಶನಿವಾರ ಸಂಜೆ ಕ್ವಾರ್ಟರ್ ತೆಗೆದುಕೊಂಡರೆ ಅದರ ಅಬಕಾರಿ ಸುಂಕ ಪೂರ್ತಿ ರಾಜ್ಯಕ್ಕೇ.

ಇಂಥವನನ್ನು ಹೇಗೆ ಸ್ವಾಗತಿಸಿದೆವು? 2024ರ ಜುಲೈ 15ರಂದು ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು: ಖಾಸಗಿ ಕಂಪನಿಗಳಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಎರಡೇ ದಿನಕ್ಕೆ ತಡೆಹಿಡಿಯಿತು. ಸ್ಥಳೀಯರಿಗೆ ಕೆಲಸ ಬೇಕು ಅನ್ನುವುದು ನ್ಯಾಯವೇ. ಆದರೆ 1.7 ಹೆತ್ತು, ಅದರಲ್ಲೂ ಓದಿದ ಒಂದನ್ನು ಹೊರದೇಶಕ್ಕೆ ಕಳಿಸಿ, ಉಳಿದ 0.7ರಲ್ಲಿ ಶೇ 70 ತುಂಬುವ ಲೆಕ್ಕವನ್ನು ಯಾರಾದರೂ ಬೋರ್ಡಿನ ಮೇಲೆ ಬಿಡಿಸಿ ತೋರಿಸಬೇಕು. ಜರ್ಮನಿ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು 2024ರಲ್ಲಿ ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸಿದೆ. ಅಲ್ಲಿ ಸಂಬಳದ ಶೇ 18.6 ಪಿಂಚಣಿಗೆ, ಅರ್ಧ ನೌಕರನದು, ಅರ್ಧ ಮಾಲೀಕನದು. ನಾವು ಹೆತ್ತ ನರ್ಸಮ್ಮ ಜರ್ಮನಿಯ ಅಜ್ಜಿಯನ್ನು ಸಾಕಲಿ, ಬಿಹಾರ ಹೆತ್ತವನು ನಮ್ಮ ಅಜ್ಜಿಯನ್ನು. ಬಿಹಾರದ ಅಜ್ಜಿಯೋ? ಅವಳಿಗೆ 2025ರವರೆಗೆ ತಿಂಗಳಿಗೆ 400 ರೂಪಾಯಿ ಇತ್ತು. ಚುನಾವಣೆ ಹತ್ತಿರ ಬಂದದ್ದೇ 1,100 ಆಯಿತು.

ನಮಗೆ ಇದು ಹೊಸದೇನಲ್ಲ. ಕೆಜಿಎಫ್ ಚಿನ್ನ ಅಗೆದವರು ಬಹುಪಾಲು ಈಗಿನ ತಮಿಳುನಾಡಿನ ಉತ್ತರ ಆರ್ಕಾಟಿನ ಕಡೆಯಿಂದ ಬಂದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮೊಮ್ಮಕ್ಕಳು ಮಾರಿಕುಪ್ಪಂ ರೈಲು ಹಿಡಿದು ದಿನಾ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಬಂದ ಹುಡುಗನ ಪಿಎಫ್ ಕಥೆ ಕೇಳಿ. ಸಂಬಳ 15,000 ಎಂದರೆ ಅವನದು 1,800, ಮಾಲೀಕನದು 1,800. ಮಾಲೀಕನ ಪಾಲಿನಲ್ಲಿ 1,250 ಪಿಂಚಣಿ ನಿಧಿಗೆ. ಹತ್ತು ವರ್ಷ ಕಟ್ಟಿದರೆ ಮಾತ್ರ ಪಿಂಚಣಿ: 15,000 ಗುಣಿಸು 10, ಭಾಗಿಸು 70, ಅಂದರೆ ತಿಂಗಳಿಗೆ ಸುಮಾರು 2,143. ಆದರೆ ಕಂಟ್ರಾಕ್ಟರು ಬದಲಾದಾಗಲೆಲ್ಲ ಹೊಸ ಪಿಎಫ್ ಖಾತೆ. ಹಳೇ ಕಂಟ್ರಾಕ್ಟರು ಕೆಲಸ ಬಿಟ್ಟ ತಾರೀಖು ಹಾಕಿರುವುದಿಲ್ಲ, ಅದಿಲ್ಲದೆ ಖಾತೆ ವರ್ಗವಾಗುವುದಿಲ್ಲ. ಆಧಾರ್‌ನಲ್ಲಿ ‘ಕುಮಾರ್’ ಇದ್ದರೆ ಪಿಎಫ್‌ನಲ್ಲಿ ಇರುವುದಿಲ್ಲ. ಬೇಸತ್ತು ಪಿಂಚಣಿ ಹಣವನ್ನೂ ತೆಗೆದುಕೊಂಡನೋ, ಅಲ್ಲಿಯವರೆಗಿನ ಸೇವೆ ಸೊನ್ನೆ. ಫಾರಂ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದ್ದರೆ ಸೇವೆ ಉಳಿಯುತ್ತಿತ್ತು. ಅದನ್ನು ಅವನಿಗೆ ಅವನ ಭಾಷೆಯಲ್ಲೂ ಹೇಳುವವರಿಲ್ಲ, ನಮ್ಮ ಭಾಷೆಯಲ್ಲೂ ಇಲ್ಲ.

ಅಜ್ಜಿಯ ಪಾಡು ನೋಡಿ. ಹುಟ್ಟಿದ್ದು ಕಡಲೆಕಾಯಿ ಕೀಳೋ ಕಾಲದಲ್ಲಿ, ಆಧಾರ್ ಪ್ರಕಾರ ಜನವರಿ 1. (ಊರಿನ ಮುದುಕರೆಲ್ಲ ಅವತ್ತೇ ಹುಟ್ಟಿದವರು.) ಹಣ ಬೀಳುವುದು ಆಧಾರ್‌ಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ. ಅಜ್ಜಿ ಕಾಯುವುದು ಹಳೇ ಪಾಸ್‌ಬುಕ್ಕಿನ ಬ್ಯಾಂಕಿನಲ್ಲಿ. ಕೊನೆಗೆ ಬ್ಯಾಂಕ್ ಮಿತ್ರನ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮೆಷಿನ್ನು ಕೆಂಪಗೆ ಮಿನುಗುತ್ತದೆ. ಐವತ್ತು ವರ್ಷ ಕಳೆ ಕಿತ್ತು, ಹಿಪ್ಪುನೇರಳೆ ಸೊಪ್ಪು ಕೊಯ್ದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು?

“ಅಜ್ಜಿ, ಕೈ ತೊಳ್ಕೊಂಡು ಬಾ, ಚೂರು ಎಣ್ಣೆ ಸವರ್ಕೋ.”

“ಮೂರು ಸಲ ತೊಳ್ದೆ ಕಣಪ್ಪಾ.”

“ಹಂಗಾದ್ರೆ ನಾಳೆ ಬಾ.”

ಅಜ್ಜಿ ಮನೆಗೆ ಹೋಗುತ್ತಾಳೆ. ಅಲ್ಲಿ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಸಾಲಾಗಿ ನಾಲ್ಕು ಶೀಟಿನ ರೂಮು, ಹೊರಗೆ ಒಣಗಲು ಹಾಕಿದ ಫ್ಯಾಕ್ಟರಿ ಯೂನಿಫಾರ್ಮು. ಒಂದು ರೂಮಿನ ಬಾಡಿಗೆ ಅವಳ ಪಿಂಚಣಿಗಿಂತ ಹೆಚ್ಚು, ಅದಕ್ಕೆ ಹೆಬ್ಬೆಟ್ಟೂ ಬೇಡ. ಬೆಳಿಗ್ಗೆ ‘ಹೊರಗಿನವರೇ ಹೊರಡಿ’ ಎಂದು ಮೈಕು ಹಿಡಿದ ಅವಳ ಮಗನೇ ಸಂಜೆ ಗೇಟಿಗೆ ಬೋರ್ಡು ಕಟ್ಟುತ್ತಾನೆ: ‘ರೂಮ್ ಖಾಲಿ ಹೈ.’ ಹಿಂದಿಯಲ್ಲಿ, ಕಾಗುಣಿತ ತಪ್ಪಿಲ್ಲದೆ.